ನಾಣ್ಯ ಚಾಲಿತ ಯಂತ್ರಗಳಲ್ಲಿ ಖೋಟಾ ನಾಣ್ಯಗಳ ಪತ್ತೆ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ರಾಜ್ಯದ ಗ್ರಾಮೀಣ ಹಾಗೂ ನಗರ ಪ್ರದೇಶಗಳಲ್ಲಿ ಸ್ಥಾಪಿಸಲಾಗಿರುವ ಶುದ್ಧ ಕುಡಿಯುವ ನೀರಿನ ಘಟಕಗಳ ಪೈಕಿ ಬಹುತೇಕ ಘಟಕಗಳು ನಾಣ್ಯ ಚಾಲಿತವಾಗಿವೆ. ಫಲಕದಲ್ಲಿ ನಮೂದಿಸಿರುವ ಮೌಲ್ಯದ ನಾಣ್ಯವನ್ನು ಯಂತ್ರದಲ್ಲಿ ಹಾಕಿದಾಗ ನಿಗದಿತ ಪ್ರಮಾಣದ ನೀರು ದೊರೆಯುತ್ತದೆ. ಇದಕ್ಕೆ ಸಿಬ್ಬಂದಿ, ರಶೀದಿ ಅಥವಾ ಚಿಲ್ಲರೆ ಲೆಕ್ಕದ ಅವಶ್ಯಕತೆ ಇರುವುದಿಲ್ಲ. ಒಂದು ರೂಪಾಯಿ ನಾಣ್ಯದ ದೂರವಾಣಿ ಹಾಗೂ ರೈಲು ನಿಲ್ದಾಣಗಳ ತೂಕದ ಯಂತ್ರಗಳು ಕೂಡ ಇದೇ ತತ್ವದ ಮೇಲೆ ಕಾರ್ಯ ನಿರ್ವಹಿಸಿದವು.

ಇಂತಹ ಯಂತ್ರಗಳು ಕೆಲವೊಮ್ಮೆ ನಾಣ್ಯವನ್ನು ಸ್ವೀಕರಿಸದೆ ಹಿಂದಕ್ಕೆ ಕಳುಹಿಸುತ್ತವೆ. ಆಗ "ಈ ನಾಣ್ಯ ಖೋಟಾ" ಎಂಬ ಮಾತು ಸರದಿಯಲ್ಲಿ ನಿಂತವರಿಂದ ಬರುವುದು ಸಾಮಾನ್ಯ. ಕೈಯಲ್ಲಿ ಅದೊಂದೇ ನಾಣ್ಯವಿದ್ದವರು ಖಾಲಿ ಕೊಡದೊಂದಿಗೆ ಮನೆಗೆ ಹಿಂದಿರುಗಬೇಕಾಗುತ್ತದೆ. ಮಾಡದ ತಪ್ಪಿಗೆ ತಲೆ ತಗ್ಗಿಸಬೇಕಾಗುತ್ತದೆ. ಮತ್ತೊಂದೆಡೆ, ಲೋಹದ ಬಿಲ್ಲೆಗಳನ್ನು ಹಾಕಿ ನೀರು ಪಡೆಯುವವರಿಂದ ಘಟಕದ ವರಮಾನಕ್ಕೆ ಹಾನಿಯಾಗುತ್ತದೆ. ಶೋಧಕಗಳನ್ನು ಬದಲಾಯಿಸುವುದು ಹಾಗೂ ವಿದ್ಯುತ್ ಶುಲ್ಕ ಪಾವತಿಸುವುದು ಇದೇ ವರಮಾನವನ್ನು ಅವಲಂಬಿಸಿದ್ದಲ್ಲಿ, ಅದರ ಹೊರೆ ಪ್ರಾಮಾಣಿಕ ಬಳಕೆದಾರರ ಮೇಲೆಯೇ ಬೀಳುತ್ತದೆ.

ಯಂತ್ರವು ನಾಣ್ಯವನ್ನು ಹೇಗೆ ಪರೀಕ್ಷಿಸುತ್ತದೆ, ಅಸಲಿ ನಾಣ್ಯ ಏಕೆ ತಿರಸ್ಕೃತವಾಗುತ್ತದೆ, ಖೋಟಾ ನಾಣ್ಯ ಕೈಗೆ ಬಂದಲ್ಲಿ ಏನು ಮಾಡಬೇಕು ಎಂಬ ವಿವರಗಳನ್ನು ಮುಂದೆ ನೀಡಲಾಗಿದೆ. ಪ್ರಾರಂಭದಲ್ಲಿಯೇ ಒಂದು ಅಂಶವನ್ನು ಸ್ಪಷ್ಟಪಡಿಸಲಾಗಿದೆ: ಯಂತ್ರವು ಹಿಂದಿರುಗಿಸಿತೆಂಬ ಕಾರಣಕ್ಕೆ ನಾಣ್ಯವು ಖೋಟಾ ಆಗುವುದಿಲ್ಲ, ಯಂತ್ರವು ಸ್ವೀಕರಿಸಿತೆಂಬ ಕಾರಣಕ್ಕೆ ಅಸಲಿಯೂ ಆಗುವುದಿಲ್ಲ.

2. ಯಂತ್ರವು ನಾಣ್ಯವನ್ನು ಪರೀಕ್ಷಿಸುವ ವಿಧಾನ

ನಾಣ್ಯ ಚಾಲಿತ ಯಂತ್ರದ ಕಲ್ಪನೆ ಅತ್ಯಂತ ಪ್ರಾಚೀನವಾದದ್ದು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಅಲೆಕ್ಸಾಂಡ್ರಿಯಾ ನಗರದ ಹೀರೋ ಎಂಬ ಯಂತ್ರಶಾಸ್ತ್ರಜ್ಞನು ದೇವಾಲಯದಲ್ಲಿ ತೀರ್ಥಜಲ ನೀಡುವ ಪಾತ್ರೆಯೊಂದನ್ನು ವಿವರಿಸಿದ್ದಾನೆ. ಭಕ್ತರು ಹಾಕಿದ ನಾಣ್ಯವು ಸನ್ನೆಯ ತುದಿಯ ತಟ್ಟೆಯ ಮೇಲೆ ಬಿದ್ದು, ಅದರ ಭಾರಕ್ಕೆ ಸನ್ನೆ ವಾಲಿ, ಕವಾಟ ತೆರೆದು ನೀರು ಹರಿಯುತ್ತಿತ್ತು. ನಾಣ್ಯ ಜಾರಿ ಬಿದ್ದ ಕೂಡಲೇ ಕವಾಟ ಮುಚ್ಚುತ್ತಿತ್ತು. ಈ ಯಂತ್ರಕ್ಕೆ ತಿಳಿದಿದ್ದುದು ಭಾರ ಮಾತ್ರ. ಅಷ್ಟೇ ಭಾರದ ಸೀಸದ ತುಂಡನ್ನು ಹಾಕಿದ್ದರೂ ನೀರು ದೊರೆಯುತ್ತಿತ್ತು.

ಇಂದಿನ ಯಂತ್ರಗಳು ಒಂದಕ್ಕಿಂತ ಹೆಚ್ಚು ಗುಣಗಳನ್ನು ಪರೀಕ್ಷಿಸುತ್ತವೆ. ನಾಣ್ಯವು ಕಿಂಡಿಯಿಂದ ಪೆಟ್ಟಿಗೆಗೆ ಜಾರುವ ಅತ್ಯಲ್ಪ ಅವಧಿಯಲ್ಲಿ ಈ ಕೆಳಕಂಡ ಪರೀಕ್ಷೆಗಳ ಪೈಕಿ ಕೆಲವು ಅಥವಾ ಎಲ್ಲವೂ ನಡೆಯುತ್ತವೆ.

ಅ) ಗಾತ್ರ: ಕಿಂಡಿಯ ಅಗಲವು ಹೆಚ್ಚು ದಪ್ಪವಾದ ನಾಣ್ಯವನ್ನು ತಡೆಯುತ್ತದೆ. ಒಳಭಾಗದಲ್ಲಿ ಬೆಳಕಿನ ಕಿರಣಕ್ಕೆ ನಾಣ್ಯವು ಎಷ್ಟು ಹೊತ್ತು ಅಡ್ಡವಾಯಿತು ಎಂಬುದರಿಂದ ವ್ಯಾಸವನ್ನು ಅಳೆಯಲಾಗುತ್ತದೆ.

ಆ) ತೂಕ: ಹಳೆಯ ಯಂತ್ರಗಳಲ್ಲಿ ತೂಗುತೊಟ್ಟಿಲಿನಂತಹ ಚಿಕ್ಕ ಸನ್ನೆ ಇರುತ್ತದೆ. ಕಡಿಮೆ ತೂಕದ ಬಿಲ್ಲೆಯು ಅದನ್ನು ವಾಲಿಸಲಾರದೆ ಹಿಂದಿರುಗುವ ಮಾರ್ಗಕ್ಕೆ ಬೀಳುತ್ತದೆ.

ಇ) ಅಯಸ್ಕಾಂತ: ಬಲವಾದ ಅಯಸ್ಕಾಂತದ ಎದುರು ತಾಮ್ರ ಅಥವಾ ಹಿತ್ತಾಳೆಯಂತಹ ಲೋಹವು ಹಾದುಹೋಗುವಾಗ, ಅದು ಅಂಟಿಕೊಳ್ಳದಿದ್ದರೂ ಅದರೊಳಗೆ ಸುಳಿ ವಿದ್ಯುತ್ ಉಂಟಾಗಿ ವೇಗ ತಗ್ಗುತ್ತದೆ. ಎಷ್ಟು ತಗ್ಗುತ್ತದೆ ಎಂಬುದು ಲೋಹದಿಂದ ಲೋಹಕ್ಕೆ ಬೇರೆಯಾಗಿರುತ್ತದೆ. ಹೀಗೆ ವೇಗವನ್ನು ಆಧರಿಸಿ ಅಸಲಿ ಹಾಗೂ ಅನ್ಯ ಲೋಹಗಳನ್ನು ಬೇರೆ ಬೇರೆ ಮಾರ್ಗಗಳಿಗೆ ಕಳುಹಿಸಲಾಗುತ್ತದೆ.

ಈ) ವಿದ್ಯುತ್ ಸುರುಳಿ: ಈಚಿನ ಯಂತ್ರಗಳಲ್ಲಿ ಇದೇ ಮುಖ್ಯ ಪರೀಕ್ಷೆ. ತಾಮ್ರದ ತಂತಿಯ ಸುರುಳಿಯಲ್ಲಿ ವೇಗವಾಗಿ ದಿಕ್ಕು ಬದಲಿಸುವ ವಿದ್ಯುತ್ತನ್ನು ಹರಿಸಲಾಗಿರುತ್ತದೆ. ನಾಣ್ಯವು ಸುರುಳಿಯ ಮುಂದೆ ಹಾದುಹೋದಾಗ ಆ ಸಂಕೇತದಲ್ಲಿ ಬದಲಾವಣೆಯಾಗುತ್ತದೆ. ಈ ಬದಲಾವಣೆಯು ಲೋಹದ ಮಿಶ್ರಣ, ದಪ್ಪ ಹಾಗೂ ವ್ಯಾಸವನ್ನು ಅವಲಂಬಿಸಿದ್ದು, ನಾಣ್ಯದ ಬೆರಳಚ್ಚಿನಂತೆ ಕೆಲಸ ಮಾಡುತ್ತದೆ. ಹೆಚ್ಚಿನ ಆವರ್ತನದ ಸಂಕೇತವು ಲೋಹದ ಮೇಲ್ಪದರವನ್ನು ಮಾತ್ರ ಮುಟ್ಟುತ್ತದೆ. ಕಡಿಮೆ ಆವರ್ತನದ್ದು ಆಳಕ್ಕೆ ಇಳಿಯುತ್ತದೆ. ಎರಡನ್ನೂ ಬಳಸುವ ಯಂತ್ರಗಳು ಹಿತ್ತಾಳೆ ಲೇಪಿಸಿದ ಕಬ್ಬಿಣದ ಬಿಲ್ಲೆಯನ್ನು ಪತ್ತೆ ಹಚ್ಚಬಲ್ಲವು.

ಉ) ಮಾದರಿ ನಾಣ್ಯದೊಂದಿಗೆ ಹೋಲಿಕೆ: ಕಡಿಮೆ ಬೆಲೆಯ ಯಂತ್ರಗಳಲ್ಲಿ ಒಂದು ಅಸಲಿ ನಾಣ್ಯವನ್ನು ಸುರುಳಿಗಳ ನಡುವೆ ಶಾಶ್ವತವಾಗಿ ಇರಿಸಲಾಗಿರುತ್ತದೆ. ಒಳಬರುವ ನಾಣ್ಯವು ಈ ಮಾದರಿಗೆ ಸರಿಸಮವಾದ ಸಂಕೇತ ನೀಡಿದರೆ ಮಾತ್ರ ಸ್ವೀಕೃತವಾಗುತ್ತದೆ.

ಊ) ದಾರದ ತಡೆ: ನಾಣ್ಯಕ್ಕೆ ದಾರ ಕಟ್ಟಿ ಒಳಗಿಳಿಸಿ ಮತ್ತೆ ಎಳೆದುಕೊಳ್ಳುವ ಪ್ರಯತ್ನವನ್ನು ತಡೆಯಲು ಒಂದೇ ದಿಕ್ಕಿಗೆ ಬಾಗುವ ಚಿಕ್ಕ ಅಗುಳಿಯನ್ನು ಅಳವಡಿಸಲಾಗಿರುತ್ತದೆ. ನಾಣ್ಯವು ಒಂದು ಸಂವೇದಕದಿಂದ ಮುಂದಿನದಕ್ಕೆ ಸಾಗಲು ತೆಗೆದುಕೊಂಡ ಕಾಲವನ್ನೂ ಕೆಲವು ಯಂತ್ರಗಳು ಪರಿಶೀಲಿಸುತ್ತವೆ.

ಮೇಲ್ಕಂಡ ಪರೀಕ್ಷೆಗಳಲ್ಲಿ ಯಾವುದೂ ನಾಣ್ಯದ ಮೇಲಿನ ಸಿಂಹಲಾಂಛನ, ಬರಹ ಅಥವಾ ಇಸವಿಯನ್ನು ಓದುವುದಿಲ್ಲ ಎಂಬುದನ್ನು ಗಮನಿಸುವುದು. ನಾವು ಕಣ್ಣಿನಿಂದ ನೋಡುವುದನ್ನು ಈ ಯಂತ್ರ ನೋಡುವುದಿಲ್ಲ. ಯಂತ್ರ ಅಳೆಯುವುದನ್ನು ನಾವು ಕಣ್ಣಿನಿಂದ ಅಳೆಯಲಾರೆವು.

3. ಒಂದೇ ಮುಖಬೆಲೆ, ಹಲವು ಅಳತೆ

ನಮ್ಮ ದೇಶದಲ್ಲಿ ಒಂದೇ ಮುಖಬೆಲೆಯ ನಾಣ್ಯಗಳು ಬೇರೆ ಬೇರೆ ಕಾಲಗಳಲ್ಲಿ ಬೇರೆ ಬೇರೆ ಅಳತೆಗಳಲ್ಲಿ ಬಿಡುಗಡೆಯಾಗಿವೆ. ಹೊಸ ಮಾದರಿ ಬಂದಾಗ ಹಳೆಯದು ತಾನಾಗಿ ರದ್ದಾಗುವುದಿಲ್ಲ. ಉದಾಹರಣೆಗೆ 5 ರೂಪಾಯಿ ನಾಣ್ಯಗಳ ವಿವರ ಈ ಕೆಳಕಂಡಂತಿದೆ.

– 1992ರಿಂದ ಬಂದ ದಪ್ಪನೆಯ ತಾಮ್ರ-ನಿಕಲ್ ನಾಣ್ಯ: ವ್ಯಾಸ 23 ಮಿ.ಮೀ., ತೂಕ 9 ಗ್ರಾಂ.
– 2007ರಿಂದ ಬಂದ ಸ್ಟೇನ್‌ಲೆಸ್ ಸ್ಟೀಲ್ ನಾಣ್ಯ: ವ್ಯಾಸ 23 ಮಿ.ಮೀ., ತೂಕ ಸುಮಾರು 6 ಗ್ರಾಂ.
– 2009ರಿಂದ ಬಂದ ನಿಕಲ್-ಹಿತ್ತಾಳೆಯ ಹಳದಿ ನಾಣ್ಯ: ವ್ಯಾಸ 23 ಮಿ.ಮೀ., ತೂಕ 6 ಗ್ರಾಂ.
– 2019ರ ಶ್ರೇಣಿಯ ನಿಕಲ್-ಹಿತ್ತಾಳೆಯ ನಾಣ್ಯ: ವ್ಯಾಸ 25 ಮಿ.ಮೀ., ತೂಕ 6.74 ಗ್ರಾಂ.

ಈ ನಾಲ್ಕೂ ಅಸಲಿ ನಾಣ್ಯಗಳೇ. ಆದರೆ ಯಂತ್ರದ ದೃಷ್ಟಿಯಲ್ಲಿ ಇವು ನಾಲ್ಕು ಬೇರೆ ಬೇರೆ ವಸ್ತುಗಳು. 2009ರ ಮಾದರಿಗೆ ಮಾತ್ರ ಹೊಂದಿಸಲಾದ ಯಂತ್ರವು ಉಳಿದ ಮೂರನ್ನೂ ಹಿಂದಿರುಗಿಸುತ್ತದೆ.

ಇದರ ಜೊತೆಗೆ, ಬೇರೆ ಬೇರೆ ಮುಖಬೆಲೆಯ ನಾಣ್ಯಗಳ ಅಳತೆ ಒಂದೇ ಆಗಿರುವುದೂ ಉಂಟು. 2019ರ ಶ್ರೇಣಿಯ 2 ರೂಪಾಯಿ ನಾಣ್ಯದ ವ್ಯಾಸ 23 ಮಿ.ಮೀ.; ಇದು 2009ರ 5 ರೂಪಾಯಿ ನಾಣ್ಯದ ವ್ಯಾಸವೇ ಆಗಿದೆ. ಆದ್ದರಿಂದ ವ್ಯಾಸವನ್ನು ಮಾತ್ರ ಅಳೆಯುವ ಯಂತ್ರವು 2 ರೂಪಾಯಿಗೆ 5 ರೂಪಾಯಿಯ ನೀರನ್ನು ನೀಡುವ ಸಂಭವವಿದೆ. ಈ ಎರಡನ್ನು ಬೇರ್ಪಡಿಸಲು ಲೋಹ ಹಾಗೂ ತೂಕದ ಪರೀಕ್ಷೆ ಅವಶ್ಯಕ: 2 ರೂಪಾಯಿಯದು ಸ್ಟೇನ್‌ಲೆಸ್ ಸ್ಟೀಲ್, ತೂಕ 4.07 ಗ್ರಾಂ.

ಲೋಹ ಮತ್ತು ತೂಕವೂ ಸಹಾಯಕ್ಕೆ ಬಾರದ ಪ್ರಸಂಗವೊಂದಿದೆ. 1992ರಿಂದ ಬಂದ 1 ರೂಪಾಯಿ ನಾಣ್ಯ ಹಾಗೂ 2011ರ ಶ್ರೇಣಿಯ 2 ರೂಪಾಯಿ ನಾಣ್ಯ, ಇವೆರಡೂ ಸ್ಟೇನ್‌ಲೆಸ್ ಸ್ಟೀಲಿನವು. ಎರಡರ ವ್ಯಾಸವೂ 25 ಮಿ.ಮೀ., ಎರಡರ ತೂಕವೂ 4.85 ಗ್ರಾಂ. ಓದು ಬಲ್ಲ ಬಾಲಕನೂ ಇವುಗಳ ನಡುವಿನ ವ್ಯತ್ಯಾಸವನ್ನು ಕ್ಷಣಮಾತ್ರದಲ್ಲಿ ಹೇಳಬಲ್ಲನು. ಸಾಮಾನ್ಯ ಯಂತ್ರಕ್ಕೆ ಅದು ಬಹು ಕಷ್ಟ. 10 ರೂಪಾಯಿ ಹಾಗೂ 20 ರೂಪಾಯಿ ನಾಣ್ಯಗಳೆರಡೂ 27 ಮಿ.ಮೀ. ಅಳತೆಯವು. ಆದರೆ 20 ರೂಪಾಯಿ ನಾಣ್ಯವು ಹನ್ನೆರಡು ಮೂಲೆಗಳನ್ನು ಹೊಂದಿದ್ದು, 8.54 ಗ್ರಾಂ ತೂಗುತ್ತದೆ.

4. ಅಸಲಿ ನಾಣ್ಯ ತಿರಸ್ಕೃತವಾಗಲು ಕಾರಣಗಳು

(1) ಯಂತ್ರವನ್ನು ಆ ಮಾದರಿಯ ನಾಣ್ಯಕ್ಕೆ ಹೊಂದಿಸದೇ ಇರುವುದು.
(2) ದೀರ್ಘಕಾಲದ ಬಳಕೆಯಿಂದ ನಾಣ್ಯ ಸವೆದಿರುವುದು, ಬಾಗಿರುವುದು ಅಥವಾ ಅಂಚು ಜಜ್ಜಿರುವುದು.
(3) ನಾಣ್ಯದ ಮೇಲೆ ಎಣ್ಣೆ, ಮಣ್ಣು, ಕುಂಕುಮ, ಅಂಟು ಮುಂತಾದವು ಹತ್ತಿರುವುದು. ಒದ್ದೆ ನಾಣ್ಯವು ಮಾರ್ಗಕ್ಕೆ ಅಂಟಿಕೊಂಡು ನಿಧಾನವಾಗಿ ಜಾರುತ್ತದೆ. ನೀರಿನ ಘಟಕಗಳಲ್ಲಿ ಕೈ ಒದ್ದೆಯಾಗಿರುವುದು ಸಹಜವಾದ್ದರಿಂದ ಈ ತೊಂದರೆ ಹೆಚ್ಚು.
(4) ಯಂತ್ರದೊಳಗಿನ ಮಾರ್ಗದಲ್ಲಿ ಧೂಳು, ಇರುವೆ ಅಥವಾ ತೇವ ಸೇರಿರುವುದು.
(5) ವಿದ್ಯುತ್ ಪೂರೈಕೆಯಲ್ಲಿ ಏರಿಳಿತವಿರುವುದು.
(6) ನಾಣ್ಯವನ್ನು ಜೋರಾಗಿ ತಳ್ಳಿರುವುದು, ಅಥವಾ ಒಂದರ ಹಿಂದೆ ಒಂದನ್ನು ತಡವಿಲ್ಲದೆ ಹಾಕಿರುವುದು.

ನಾಣ್ಯವನ್ನು ಯಂತ್ರದ ಮೈಗೆ ಉಜ್ಜಿ ಹಾಕುವ ರೂಢಿ ಹಲವೆಡೆ ಇದೆ. ಇದರಿಂದ ಲೋಹದ ಗುಣ ಬದಲಾಗುವುದಿಲ್ಲ. ಒಣಬಟ್ಟೆಯಿಂದ ಒರೆಸಿ, ನಿಧಾನವಾಗಿ ಬಿಡುವುದೇ ಸರಿಯಾದ ಕ್ರಮ.

5. ಯಂತ್ರವನ್ನು ಇನ್ನಷ್ಟು ಬಿಗಿಗೊಳಿಸಬಾರದೇಕೆ?

ಟಂಕಸಾಲೆಯಿಂದ ಅದೇ ದಿನ ಬಂದ ನಾಣ್ಯ ಹಾಗೂ ಹತ್ತು ವರ್ಷ ಕೈ ಬದಲಾಯಿಸಿದ ನಾಣ್ಯ ಒಂದೇ ಸಂಕೇತ ನೀಡುವುದಿಲ್ಲ. ಆದಕಾರಣ ಪ್ರತಿ ಯಂತ್ರದಲ್ಲಿ "ಇಷ್ಟರಿಂದ ಇಷ್ಟರವರೆಗೆ" ಎಂಬ ಮಿತಿಯನ್ನು ನಿಗದಿಪಡಿಸಲಾಗುತ್ತದೆ. ಮಿತಿಯನ್ನು ಸಡಿಲಿಸಿದರೆ ಬಿಲ್ಲೆಗಳು ಒಳನುಸುಳುತ್ತವೆ. ಬಿಗಿಗೊಳಿಸಿದರೆ ಸವೆದ ಅಸಲಿ ನಾಣ್ಯಗಳು ಹೊರಬೀಳುತ್ತವೆ. ಎರಡನ್ನೂ ಸಂಪೂರ್ಣವಾಗಿ ತಪ್ಪಿಸುವ ಮಿತಿ ಇಲ್ಲ. ಮಿತಿ ಸಡಿಲವಾದಾಗಿನ ನಷ್ಟ ಘಟಕದ ಲೆಕ್ಕಪುಸ್ತಕದಲ್ಲಿ ಕಾಣುತ್ತದೆ. ಮಿತಿ ಬಿಗಿಯಾದಾಗಿನ ನಷ್ಟ ಯಾವ ಪುಸ್ತಕದಲ್ಲಿಯೂ ನಮೂದಾಗುವುದಿಲ್ಲ. ಅದನ್ನು ಅನುಭವಿಸುವವರು ನೀರು ಸಿಗದೆ ಹಿಂದಿರುಗಿದವರು.

ಇತರ ದೇಶಗಳೂ ಈ ಸಮಸ್ಯೆಯನ್ನು ಎದುರಿಸಿವೆ. ಜಪಾನಿನ 1982ರ 500 ಯೆನ್ ನಾಣ್ಯ ಹಾಗೂ ದಕ್ಷಿಣ ಕೊರಿಯಾದ 500 ವೋನ್ ನಾಣ್ಯಗಳ ಲೋಹವೂ ಒಂದೇ, 26.5 ಮಿ.ಮೀ. ವ್ಯಾಸವೂ ಒಂದೇ. ತೂಕದಲ್ಲಿ ಮಾತ್ರ ಅರ್ಧ ಗ್ರಾಂ ವ್ಯತ್ಯಾಸವಿತ್ತು: ಯೆನ್ 7.2 ಗ್ರಾಂ, ವೋನ್ 7.7 ಗ್ರಾಂ. ವೋನ್ ನಾಣ್ಯದ ಬೆಲೆ ಯೆನ್ ನಾಣ್ಯದ ಸುಮಾರು ಹತ್ತನೇ ಒಂದು ಭಾಗ. ವಂಚಕರು ವೋನ್ ನಾಣ್ಯದಲ್ಲಿ ಕುಳಿ ಕೊರೆದು ತೂಕ ತಗ್ಗಿಸಿ ಜಪಾನಿನ ಮಾರಾಟ ಯಂತ್ರಗಳಲ್ಲಿ ಹಾಕತೊಡಗಿದರು. ಅಂಗಡಿಯವರ ಕೈಯಲ್ಲಿ ಒಂದು ಕ್ಷಣವೂ ಚಲಾವಣೆಯಾಗದ ಆ ನಾಣ್ಯ ಯಂತ್ರದಲ್ಲಿ ಸಲೀಸಾಗಿ ಚಲಾವಣೆಯಾಯಿತು. ಕೊನೆಗೆ ಜಪಾನ್ 2000ನೇ ಇಸವಿಯಲ್ಲಿ ನಾಣ್ಯದ ಲೋಹವನ್ನೇ ಬದಲಾಯಿಸಿತು. 2021ರಲ್ಲಿ ಎರಡು ಬಣ್ಣದ ಹೊಸ ನಾಣ್ಯವನ್ನು ಹೊರತಂದಿತು.

ಬ್ರಿಟನ್ನಿನಲ್ಲಿ ದುಂಡನೆಯ ಒಂದು ಪೌಂಡ್ ನಾಣ್ಯಗಳ ಪೈಕಿ ಸುಮಾರು ಶೇ. 3ರಷ್ಟು ಖೋಟಾ ಎಂದು ಅಲ್ಲಿನ ಟಂಕಸಾಲೆಯು 2014ರಲ್ಲಿ ಅಂದಾಜಿಸಿತ್ತು. ಈ ಹಿನ್ನೆಲೆಯಲ್ಲಿ 2017ರ ಮಾರ್ಚ್ 28ರಂದು ಹನ್ನೆರಡು ಮೂಲೆಯ ದ್ವಿಲೋಹ ನಾಣ್ಯ ಬಿಡುಗಡೆಯಾಗಿ, ಅದೇ ವರ್ಷ ಅಕ್ಟೋಬರ್ 15ರಂದು ಹಳೆಯ ನಾಣ್ಯದ ಚಲಾವಣೆ ಕೊನೆಗೊಂಡಿತು. ಆ ಅವಧಿಯೊಳಗೆ ದೇಶದ ನಾಣ್ಯ ಚಾಲಿತ ಯಂತ್ರಗಳನ್ನು ಹೊಸ ನಾಣ್ಯಕ್ಕೆ ಮರುಹೊಂದಿಸಬೇಕಾಯಿತು.

6. ಸಾರ್ವಜನಿಕರು ಪರಿಶೀಲಿಸಬಹುದಾದ ಲಕ್ಷಣಗಳು

ಖೋಟಾ ನಾಣ್ಯಗಳು ಕೇವಲ ವದಂತಿಯಲ್ಲ. 5 ಹಾಗೂ 10 ರೂಪಾಯಿಯ ಖೋಟಾ ನಾಣ್ಯಗಳನ್ನು ತಯಾರಿಸುತ್ತಿದ್ದ ಸ್ಥಳವನ್ನು 2016ರಲ್ಲಿ ದೆಹಲಿ ಪೊಲೀಸರು ಪತ್ತೆ ಹಚ್ಚಿದ್ದರು. ಸಂಶಯ ಬಂದಲ್ಲಿ ಅದೇ ಮುಖಬೆಲೆಯ, ಅದೇ ಮಾದರಿಯ ಮತ್ತೊಂದು ನಾಣ್ಯವನ್ನು ಪಕ್ಕದಲ್ಲಿಟ್ಟು ಹೋಲಿಸತಕ್ಕದ್ದು. ಗಮನಿಸಬೇಕಾದ ಅಂಶಗಳು:

– ಅಕ್ಷರ ಹಾಗೂ ಅಂಕಿಗಳ ಅಂಚು ಮಸುಕಾಗಿದೆಯೇ?
– ಮೇಲ್ಮೈಯಲ್ಲಿ ಎರಕದ ಸಣ್ಣ ಗುಳಿಗಳು, ಅಂಚಿನ ಸುತ್ತ ಬೆಸುಗೆಯಂತಹ ಗೆರೆ ಇವೆಯೇ?
– ಹಳದಿ ಲೇಪ ಕಿತ್ತು ಒಳಗಿನ ಬೂದು ಲೋಹ ಕಾಣುತ್ತಿದೆಯೇ?
– ದ್ವಿಲೋಹ ನಾಣ್ಯದಲ್ಲಿ ಒಳಬಿಲ್ಲೆ ಹಾಗೂ ಹೊರಬಳೆಯ ನಡುವೆ ಸಂದು ಇದೆಯೇ?
– ದಪ್ಪ ಅಥವಾ ತೂಕದಲ್ಲಿ ಎದ್ದುಕಾಣುವ ವ್ಯತ್ಯಾಸವಿದೆಯೇ?

ಈ ಕೆಳಕಂಡವುಗಳನ್ನು ಖೋಟಾ ನಾಣ್ಯದ ಲಕ್ಷಣವೆಂದು ಭಾವಿಸಬಾರದು:

– ಇಸವಿಯ ಕೆಳಗಿನ ಗುರುತು. ವಜ್ರಾಕೃತಿ ಮುಂಬಯಿ, ನಕ್ಷತ್ರ ಹೈದರಾಬಾದ್, ಚುಕ್ಕೆ ನೋಯ್ಡಾ ಟಂಕಸಾಲೆಯ ಗುರುತುಗಳು; ಕೋಲ್ಕತ್ತಾದ ನಾಣ್ಯಗಳಲ್ಲಿ ಗುರುತು ಇರುವುದಿಲ್ಲ.
– ಅಯಸ್ಕಾಂತಕ್ಕೆ ಅಂಟುವುದು. 2007ರ ಮಾದರಿಯ 5 ರೂಪಾಯಿ ನಾಣ್ಯ ಅಂಟುತ್ತದೆ, 2009ರದು ಅಂಟುವುದಿಲ್ಲ, ಎರಡೂ ಅಸಲಿ.
– ರೂಪಾಯಿ ಚಿಹ್ನೆ ಇಲ್ಲದಿರುವುದು. ಈ ಚಿಹ್ನೆ ನಾಣ್ಯಗಳ ಮೇಲೆ ಬಂದದ್ದು 2011ರಲ್ಲಿ. ಅದಕ್ಕೂ ಮುಂಚಿನ ನಾಣ್ಯಗಳಲ್ಲಿ ಅದು ಇರುವುದಿಲ್ಲ.
– ಚಿತ್ರ ಅಥವಾ ಗೆರೆಗಳ ಸಂಖ್ಯೆ ಬೇರೆಯಾಗಿರುವುದು. 10 ರೂಪಾಯಿ ನಾಣ್ಯಗಳ ಬಗ್ಗೆ ವದಂತಿ ಹಬ್ಬಿದ್ದಾಗ, ಅಲ್ಲಿಯವರೆಗೆ ಬಂದ 14 ವಿನ್ಯಾಸಗಳೂ ಮಾನ್ಯವೆಂದು ಭಾರತೀಯ ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಸ್ಪಷ್ಟಪಡಿಸಿತು.

7. ಕಾನೂನಿನ ಉಪಬಂಧಗಳು

ನಾಣ್ಯ ಅಧಿನಿಯಮ, 2011ರ ಮೇರೆಗೆ ಒಂದು ರೂಪಾಯಿ ಹಾಗೂ ಅದಕ್ಕಿಂತ ಹೆಚ್ಚಿನ ಮೌಲ್ಯದ ನಾಣ್ಯಗಳು 1,000 ರೂಪಾಯಿವರೆಗಿನ ಪಾವತಿಗೆ, 50 ಪೈಸೆಯ ನಾಣ್ಯವು 10 ರೂಪಾಯಿವರೆಗಿನ ಪಾವತಿಗೆ ಕಾನೂನುಬದ್ಧವಾಗಿವೆ. 25 ಪೈಸೆ ಹಾಗೂ ಅದಕ್ಕಿಂತ ಕಡಿಮೆ ಮೌಲ್ಯದ ನಾಣ್ಯಗಳ ಚಲಾವಣೆ 2011ರ ಜೂನ್ 30ರಿಂದ ನಿಂತಿದೆ. ಸರ್ಕಾರದ ಅಧಿಕಾರವಿಲ್ಲದೆ ಲೋಹದ ತುಂಡನ್ನು ಹಣದಂತೆ ಬಳಸುವುದನ್ನೂ, ನಾಣ್ಯವನ್ನು ಕರಗಿಸುವುದನ್ನೂ ಈ ಅಧಿನಿಯಮ ನಿಷೇಧಿಸಿದೆ.

2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 178ನೇ ಪ್ರಕರಣದಂತೆ ಖೋಟಾ ನಾಣ್ಯ ತಯಾರಿಕೆಗೆ, 179ನೇ ಪ್ರಕರಣದಂತೆ ಖೋಟಾ ಎಂದು ತಿಳಿದೂ ಅದನ್ನು ಅಸಲಿಯೆಂದು ಚಲಾಯಿಸುವುದಕ್ಕೆ ಆಜೀವ ಕಾರಾವಾಸ ಅಥವಾ ಹತ್ತು ವರ್ಷಗಳವರೆಗಿನ ಕಾರಾವಾಸ ಹಾಗೂ ದಂಡ ವಿಧಿಸಬಹುದಾಗಿದೆ. ಚಲಾಯಿಸುವ ಉದ್ದೇಶದಿಂದ ಇಟ್ಟುಕೊಳ್ಳುವುದು 180ನೇ ಪ್ರಕರಣದಂತೆ ಅಪರಾಧ. ಆದರೆ ನಾಣ್ಯವು ಕಾನೂನುಬದ್ಧ ಮೂಲದಿಂದ ಬಂದದ್ದೆಂದು ರುಜುವಾತುಪಡಿಸಿದಲ್ಲಿ ಅಂತಹ ಸ್ವಾಧೀನತೆ ಅಪರಾಧವಾಗುವುದಿಲ್ಲ.

ಇಲ್ಲಿ "ತಿಳಿದೂ" ಎಂಬ ಮಾತು ಮುಖ್ಯವಾದುದು. ಸಂತೆಯಲ್ಲಿ ಚಿಲ್ಲರೆಯಾಗಿ ಬಂದ ಖೋಟಾ ನಾಣ್ಯವನ್ನು ಅರಿಯದೆ ಯಂತ್ರಕ್ಕೆ ಹಾಕಿದವರು ಅಪರಾಧಿಗಳಲ್ಲ. ಆದರೆ ಖೋಟಾ ಎಂದು ತಿಳಿದ ನಂತರ "ನನಗೆ ಬಂದದ್ದು ಇನ್ನೊಬ್ಬರಿಗೆ ಹೋಗಲಿ" ಎಂದು ಮುಂದೆ ಸಾಗಿಸುವುದು ಅಪರಾಧವಾಗುತ್ತದೆ. ನಾಣ್ಯದ ಅಸಲಿತನದ ಬಗ್ಗೆ ನ್ಯಾಯಾಲಯದಲ್ಲಿ ಪ್ರಶ್ನೆ ಬಂದಾಗ ಟಂಕಸಾಲೆಯ ಅಧಿಕಾರಿಯ ವರದಿಯನ್ನು ಸಾಕ್ಷ್ಯವಾಗಿ ಪಡೆಯಲು ಕಾನೂನಿನಲ್ಲಿ ಅವಕಾಶವಿದೆ. ನೀರಿನ ಯಂತ್ರದ ತಿರಸ್ಕಾರಕ್ಕೆ ಅಂತಹ ಸ್ಥಾನವಿಲ್ಲ.

8. ನಾಗರಿಕರು ಅನುಸರಿಸಬೇಕಾದ ಕ್ರಮ

(1) ನಾಣ್ಯ ಹಿಂದಿರುಗಿದಲ್ಲಿ, ಒರೆಸಿ ಇನ್ನೊಮ್ಮೆ ಹಾಕುವುದು. ಮತ್ತೆ ಹಿಂದಿರುಗಿದರೆ ಬೇರೆ ಮಾದರಿಯ ನಾಣ್ಯವನ್ನು ಪ್ರಯತ್ನಿಸುವುದು.
(2) ಯಂತ್ರ ಹಿಂದಿರುಗಿಸಿದ ಅಸಲಿ ನಾಣ್ಯವನ್ನು ಅಂಗಡಿ, ಬಸ್ಸು ಅಥವಾ ಬ್ಯಾಂಕಿನಲ್ಲಿ ಎಂದಿನಂತೆ ಬಳಸಬಹುದು. ಬ್ಯಾಂಕ್ ಶಾಖೆಗಳು ನಾಣ್ಯಗಳನ್ನು ಸ್ವೀಕರಿಸಬೇಕೆಂದು ರಿಸರ್ವ್ ಬ್ಯಾಂಕಿನ ನಿರ್ದೇಶನವಿದೆ.
(3) ನಾಣ್ಯ ಒಳಗೆ ಉಳಿದು ನೀರು ಬಾರದಿದ್ದಲ್ಲಿ ಯಂತ್ರವನ್ನು ಬಡಿಯಬಾರದು, ಕಿಂಡಿಗೆ ತಂತಿ ಹಾಕಬಾರದು. ದಿನಾಂಕ, ಸಮಯ ಹಾಗೂ ಘಟಕದ ಸ್ಥಳವನ್ನು ಬರೆದುಕೊಂಡು ಘಟಕದ ನಿರ್ವಾಹಕರಿಗೆ ಅಥವಾ ಸಂಬಂಧಪಟ್ಟ ಗ್ರಾಮ ಪಂಚಾಯಿತಿ / ನಗರ ಸ್ಥಳೀಯ ಸಂಸ್ಥೆಗೆ ತಿಳಿಸುವುದು.
(4) ನಾಣ್ಯ ಖೋಟಾ ಎಂಬ ಬಲವಾದ ಸಂಶಯವಿದ್ದಲ್ಲಿ ಅದನ್ನು ಬೇರೆಯಾಗಿ ಕಾಗದದಲ್ಲಿ ಸುತ್ತಿಟ್ಟು, ಎಲ್ಲಿಂದ ಬಂದಿತೆಂಬುದನ್ನು ನೆನಪಿಟ್ಟು, ಸಮೀಪದ ಬ್ಯಾಂಕ್ ಶಾಖೆಯಲ್ಲಿ ವಿಚಾರಿಸುವುದು ಅಥವಾ ಪೊಲೀಸ್ ಠಾಣೆಗೆ ಒಪ್ಪಿಸುವುದು. ಖೋಟಾ ನಾಣ್ಯಕ್ಕೆ ಬದಲಿ ಹಣ ದೊರೆಯುವುದಿಲ್ಲ.
(5) ಸರದಿಯಲ್ಲಿರುವ ಇತರರ ನಾಣ್ಯ ತಿರಸ್ಕೃತವಾದಾಗ ಅವರ ಮೇಲೆ ಆರೋಪ ಹೊರಿಸಬಾರದು.

9. ಘಟಕಗಳ ನಿರ್ವಾಹಕರ ಗಮನಕ್ಕೆ

ಯಂತ್ರವು ಯಾವ ಯಾವ ಮಾದರಿಯ ನಾಣ್ಯಗಳನ್ನು ಸ್ವೀಕರಿಸುತ್ತದೆ ಎಂಬುದನ್ನು ಅಸಲಿ ನಾಣ್ಯಗಳ ಚಿತ್ರಸಹಿತ ಫಲಕದಲ್ಲಿ ಪ್ರದರ್ಶಿಸುವುದು ಒಳಿತು. ಯಂತ್ರಕ್ಕೆ ಮಾದರಿಯನ್ನು ಕಲಿಸುವಾಗ ಹೊಸ ನಾಣ್ಯಗಳನ್ನಷ್ಟೇ ಅಲ್ಲದೆ ಸವೆದ ನಾಣ್ಯಗಳನ್ನೂ ಬಳಸತಕ್ಕದ್ದು. ಹೊಸ ಶ್ರೇಣಿಯ ನಾಣ್ಯಗಳು ಚಲಾವಣೆಗೆ ಬಂದಾಗ ಯಂತ್ರವನ್ನು ಮರುಹೊಂದಿಸತಕ್ಕದ್ದು. ನಾಣ್ಯ ಮಾರ್ಗವನ್ನು ನಿಯತವಾಗಿ ಒಣಬಟ್ಟೆಯಿಂದ ಶುಚಿಗೊಳಿಸಿ, ಪೆಟ್ಟಿಗೆಯಲ್ಲಿ ದೊರೆತ ಬಿಲ್ಲೆಗಳ ಸಂಖ್ಯೆ ಮತ್ತು ದಿನಾಂಕವನ್ನು ವಹಿಯಲ್ಲಿ ನಮೂದಿಸುವುದರಿಂದ ಮಿತಿ ಸಡಿಲವಾಗಿದೆಯೇ ಎಂಬುದು ತಿಳಿಯುತ್ತದೆ. ಬಿಲ್ಲೆಗಳು ದೊರೆತವೆಂದು ಒಮ್ಮೆಲೇ ಮಿತಿಯನ್ನು ಬಿಗಿಗೊಳಿಸುವ ಮುನ್ನ, ಎಷ್ಟು ಅಸಲಿ ನಾಣ್ಯಗಳು ಹಿಂದಿರುಗುತ್ತವೆ ಎಂಬುದನ್ನು ಪರೀಕ್ಷಿಸುವುದು ಅವಶ್ಯಕ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನನ್ನ 5 ರೂಪಾಯಿ ನಾಣ್ಯವನ್ನು ಒಂದು ಘಟಕ ಸ್ವೀಕರಿಸುತ್ತದೆ, ಮತ್ತೊಂದು ಸ್ವೀಕರಿಸುವುದಿಲ್ಲ. ಏಕೆ?
ಉತ್ತರ: ಎರಡು ಯಂತ್ರಗಳನ್ನು ಬೇರೆ ಬೇರೆ ಮಾದರಿಗೆ ಅಥವಾ ಬೇರೆ ಬೇರೆ ಮಿತಿಗೆ ಹೊಂದಿಸಿರುವ ಸಾಧ್ಯತೆ ಇದೆ. ನಾಣ್ಯದಲ್ಲಿ ದೋಷವಿರಬೇಕೆಂದಿಲ್ಲ.

ಪ್ರಶ್ನೆ: ಗಣ್ಯರ ಭಾವಚಿತ್ರವಿರುವ ಸ್ಮರಣಾರ್ಥ ನಾಣ್ಯವನ್ನು ಹಾಕಬಹುದೇ?
ಉತ್ತರ: ಚಲಾವಣೆಗೆ ಬಿಡುಗಡೆಯಾದ ಸ್ಮರಣಾರ್ಥ ನಾಣ್ಯವೂ ಮಾನ್ಯ. ಯಂತ್ರವು ಚಿತ್ರವನ್ನು ನೋಡುವುದಿಲ್ಲವಾದ್ದರಿಂದ ಲೋಹ ಮತ್ತು ಅಳತೆ ಹೊಂದಿದಲ್ಲಿ ಸ್ವೀಕೃತವಾಗುತ್ತದೆ.

ಪ್ರಶ್ನೆ: ಮಕ್ಕಳು ಆಟಕ್ಕೆ ವಾಷರ್ ಹಾಕಿದರೆ ತೊಂದರೆಯೇ?
ಉತ್ತರ: ಹೌದು. ವಾಷರ್ ಮಾರ್ಗದಲ್ಲಿ ಸಿಕ್ಕಿಕೊಂಡರೆ ದುರಸ್ತಿಯಾಗುವವರೆಗೆ ಇಡೀ ಊರಿಗೆ ನೀರು ನಿಲ್ಲುತ್ತದೆ. ಪೋಷಕರು ಮಕ್ಕಳಿಗೆ ತಿಳಿಹೇಳತಕ್ಕದ್ದು.

ನಾಣ್ಯ ಚಾಲಿತ ಸೇವೆಯು ಪ್ರತಿಯೊಬ್ಬರಿಗೂ ಯಾವುದೇ ಹೊತ್ತಿನಲ್ಲಿ ಸಮಾನವಾಗಿ ದೊರೆಯಬೇಕೆಂಬುದು ಈ ಯಂತ್ರಗಳ ಉದ್ದೇಶ. ಖೋಟಾ ನಾಣ್ಯಗಳ ತಡೆಗೂ, ಅಸಲಿ ನಾಣ್ಯ ಹಿಡಿದು ಬಂದವರು ಬರಿಗೈಯಲ್ಲಿ ಹಿಂದಿರುಗದಂತೆ ನೋಡಿಕೊಳ್ಳುವುದಕ್ಕೂ ಸಾರ್ವಜನಿಕರು ಹಾಗೂ ನಿರ್ವಾಹಕರು ಸಹಕರಿಸಬೇಕೆಂದು ಕೋರಲಾಗಿದೆ.